ಅಜ್ಜನ ಕೋವಿಗೆ ಸ್ಕೋಪ್ ಯಾಕಿಲ್ಲ?

ಮೊನ್ನೆ ಯಲ್ಲಾಪುರದಿಂದ ಭಾವ ಫೋನ್ ಮಾಡಿದ್ದ. 'ಅಜ್ಜನ ಕೋವಿಗೆ ಕಡಿಮೆ ರೇಟಿನ ಸ್ಕೋಪ್ ಯಾವುದು ಒಳ್ಳೇದು? ಹಂದಿ ಕಾಟ ಜಾಸ್ತಿಯಾಗಿದೆ.'

ಭಾವ, ದುಡ್ಡು ಉಳಿಸು. ಸ್ಕೋಪ್ ಬೇಕಿರೋದು ರೈಫಲ್ಲಿಗೆ. ಅದರ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಗುಂಡು ಗಿರಗಿರ ತಿರುಗುತ್ತಾ ದೂರಕ್ಕೆ ನೇರ ಹೋಗುತ್ತೆ. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿರೋ ಹಳೇ ಕೋವಿಯ ನಳಿಗೆ ಒಳಗೆ ನುಣುಪು. ಬಾಯಿಂದ ಮದ್ದು, ಚರೆ ತುಂಬಿ, ಜಡಿದು ಹೊಡೆಯಬೇಕು. ಚರೆ ಹರಡಿಕೊಂಡು ಹೋಗುತ್ತೆ; ದೂರದ ಗುರಿಗೆ ನಂಬೋ ಹಾಗಿಲ್ಲ.

ನಮ್ಮ ಮನೆಗಳಿಗೆ ಇಂಥದ್ದೇ ಕೋವಿ ಬರೋಕೆ ಕಾನೂನೂ ಕಾರಣ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಬಯಲುಸೀಮೆಯ ಹಲಗಲಿಯ ಬೇಡರು ತಿರುಗಿಬಿದ್ದರು. 1878ರ ಆಯುಧ ಕಾಯ್ದೆ ಲೈಸೆನ್ಸ್ ಕಡ್ಡಾಯ ಮಾಡಿತು. ಕೊಡವರಿಗೆ ವಿನಾಯಿತಿ ಇತ್ತು, ನಮಗಿಲ್ಲ! ಸ್ವತಂತ್ರ ಭಾರತದ 1959ರ ಕಾಯ್ದೆ ಬೆಳೆ ರಕ್ಷಣೆಗೆ ಅಂತ ಹೆಸರಿಸಿದ್ದೂ ಬಾಯಿಂದ ಮದ್ದು ತುಂಬೋ ಕೋವಿಯನ್ನೇ.

ಬೇಟೆಯ ಮಾತು ಬೇರೆ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ಬೇಟೆಯ ಲೈಸೆನ್ಸನ್ನೇ ತೆಗೆದುಹಾಕಿತು. ಅಜ್ಜನ ಪುಸ್ತಕದಲ್ಲಿ ಬರೆದಿರೋದು 'ಬೆಳೆ ರಕ್ಷಣೆ' ಅಂತ ಮಾತ್ರ. ಸ್ಕೋಪ್ ಹಾಕಿ ಕಾಡಿಗೆ ಹೊರಟರೆ ಜೈಲು ನೋಡಬೇಕಾದೀತು.

ಅಂದಹಾಗೆ, ಎಲೆಕ್ಷನ್ ಬಂದರೆ ಕೋವಿ ಪೊಲೀಸ್ ಠಾಣೆಗೆ ಹೋಗಬೇಕು. ಆಗ ಅಜ್ಜ ತೋಟ ಕಾಯೋದು ಡಬ್ಬ ಬಡಿದು. ಹಂದಿಗೆ ಎಲೆಕ್ಷನ್ ಗೊತ್ತಿಲ್ಲ ನೋಡಿ.