ಭಾರತದಲ್ಲಿ ಆರೋಗ್ಯ ಸಂಶೋಧನೆಯ ಪ್ರಕಟಣೆ: ಒಂದು ಸಮೀಕ್ಷೆ

ಬಡ ಮತ್ತು ಮಧ್ಯಮ ಆದಾಯದ ದೇಶಗಳ ಆರೋಗ್ಯ ಸಂಶೋಧನೆ ಹೆಸರಾಂತ ಪತ್ರಿಕೆಗಳಲ್ಲಿ ಅಪರೂಪಕ್ಕೆ ಮಾತ್ರ ಅಚ್ಚಾಗುವುದಕ್ಕೆ ಅಲ್ಲಿನ ಸಂಶೋಧಕರಿಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವ ಕಲೆ ಒಲಿಯದಿರುವುದೇ ಕಾರಣವೆಂಬ ವಿವರಣೆ ಈಗ ಬಹುತೇಕ ಎಲ್ಲರೂ ಒಪ್ಪಿಕೊಂಡ ಮಾತಾಗಿದ್ದು, ಅದಕ್ಕೆ ತಕ್ಕಂತೆ ಬರವಣಿಗೆಯ ಕಾರ್ಯಾಗಾರಗಳೂ ವೈದ್ಯಕೀಯ ಕಾಲೇಜುಗಳಲ್ಲಿ ಹೆಚ್ಚಿವೆ. ಈ ವಿವರಣೆ ಪೂರ್ತಿ ಸುಳ್ಳೇನಲ್ಲ. ಆದರೆ ಭಾರತದ ನೂರೈವತ್ತು ವರ್ಷಗಳ ಅನುಭವವನ್ನು ಸಾಲಾಗಿ ನೋಡಿದರೆ, ಸಂಶೋಧನೆಯ ಹಣೆಬರಹವನ್ನು ಅದರ ಭಾಷೆಗಿಂತ ಹೆಚ್ಚಾಗಿ ನಿರ್ಧರಿಸಿರುವುದು ಅದು ಅಚ್ಚಾದ ಪತ್ರಿಕೆ ಯಾರ ಒಡೆತನದ್ದು, ಅದರ ವೆಚ್ಚವನ್ನು ಯಾರು ಹೊರುತ್ತಿದ್ದರು, ಅದು ಯಾರ ಕೈಗೆ ಸೇರುತ್ತಿತ್ತು ಎಂಬ ಸಂಗತಿಗಳೇ ಎಂಬುದು ಕಂಡುಬರುತ್ತದೆ.

ವಸಾಹತು ಕಾಲದ ಕಥೆಯನ್ನು ಚುಟುಕಾಗಿ ಹೇಳಬಹುದು. 1866ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಇಂಡಿಯನ್ ಮೆಡಿಕಲ್ ಗೆಜೆಟ್ ಮುಖ್ಯವಾಗಿ ಸರಕಾರಿ ವೈದ್ಯಾಧಿಕಾರಿಗಳ ವೇದಿಕೆಯಾಗಿತ್ತು. ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡ ರೊನಾಲ್ಡ್ ರಾಸ್ 1897ರ ತನ್ನ ವರದಿಯನ್ನು ಪ್ರಕಟಿಸಿದ್ದು ಲಂಡನ್ನಿನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ. 1911ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಎಂಬ ಸಂಸ್ಥೆಯೂ (ಇದೇ 1949ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾಯಿತು) 1913ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯೂ ಹುಟ್ಟಿದವು. ಉಪೇಂದ್ರನಾಥ ಬ್ರಹ್ಮಚಾರಿಯವರು ಕಾಲಾ ಅಜಾರ್ ಚಿಕಿತ್ಸೆಯ ಬಗೆಗಿನ ತಮ್ಮ ಪ್ರಸಿದ್ಧ ಲೇಖನವನ್ನು 1922ರಲ್ಲಿ ಇದೇ ಪತ್ರಿಕೆಗೆ ಕೊಟ್ಟರು.

ಸ್ವಾತಂತ್ರ್ಯಾನಂತರದ ಎರಡು ದಶಕಗಳಿಗೆ ಈ ಇತಿಹಾಸದಲ್ಲಿ ಸಿಕ್ಕಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವೊಂದನ್ನು ದೇಬಬರ್ ಬ್ಯಾನರ್ಜಿ ಮತ್ತು ಆಂಡರ್ಸನ್ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟಿಸಿದರು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಅವರನ್ನು ಮನೆಮನೆಗೆ ಹೋಗಿ ಹುಡುಕಬೇಕು ಎಂದು ತಜ್ಞರು ನಂಬಿದ್ದ ಕಾಲದಲ್ಲಿ, ಕ್ಷಯ ತಗಲಿದವರಲ್ಲಿ ಬಹುತೇಕರು ತಮ್ಮ ಲಕ್ಷಣಗಳನ್ನು ಬಲ್ಲರು, ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಅರಸಿ ಹೋಗಿ ಬಂದವರು ಎಂದು ಈ ಲೇಖನ ತೋರಿಸಿಕೊಟ್ಟಿತು. ಅದೇ ಬುಲೆಟಿನ್‌ನಲ್ಲಿ 1959ರಲ್ಲಿ ಬಂದ ಮದರಾಸಿನ ಅಧ್ಯಯನ, ಮನೆಯಲ್ಲಿದ್ದುಕೊಂಡೇ ಔಷಧಿ ತೆಗೆದುಕೊಂಡ ಕ್ಷಯರೋಗಿಗಳು ಸ್ಯಾನಟೋರಿಯಂ ಸೇರಿದವರಷ್ಟೇ ಗುಣಮುಖರಾಗುತ್ತಾರೆಂದು ಸಾಬೀತುಪಡಿಸಿ ಜಗತ್ತಿನ ಚಿಕಿತ್ಸಾ ಕ್ರಮವನ್ನೇ ಬದಲಿಸಿತು. ಈ ಬುಲೆಟಿನ್ ಸಾರ್ವಜನಿಕ ಸಂಸ್ಥೆಯೊಂದರ ಪತ್ರಿಕೆ. ಅದು ಲೇಖಕರಿಂದ ಹಣ ಕೇಳುತ್ತಿರಲಿಲ್ಲ, ಅದರ ಓದುಗರು ಕಾರ್ಯಕ್ರಮಗಳನ್ನು ರೂಪಿಸುವ ಅಧಿಕಾರಿಗಳೇ ಆಗಿದ್ದರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಎಂಬ ಅಮೆರಿಕನ್ನರು ತಮ್ಮ ಪ್ರಾಥಮಿಕ ವರದಿಗಳನ್ನು ಅದೇ ವರ್ಷ ಮುಂಬಯಿಯ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ ಅಚ್ಚು ಹಾಕಿಸಿದರು. ಇಂದು ಮಲೆನಾಡಿನಲ್ಲಿ ಹೊಸ ವೈರಸ್ ಸಿಕ್ಕರೆ ಸ್ಥಳೀಯ ವೈದ್ಯರೇ ಆ ಆಯ್ಕೆ ಮಾಡಲಿಕ್ಕಿಲ್ಲ.

ಪ್ರತಿಷ್ಠಿತ ಪತ್ರಿಕೆಯಲ್ಲಿ ಬಂದರೆ ಸಾಕು, ಜಗತ್ತು ಓದುತ್ತದೆ ಎಂಬ ನಂಬಿಕೆಯನ್ನು ಕಲ್ಕತ್ತೆಯ ಎರಡು ಉದಾಹರಣೆಗಳು ಅಲುಗಾಡಿಸುತ್ತವೆ. ಹೇಮೇಂದ್ರನಾಥ ಚಟರ್ಜಿಯವರು ಕಾಲರಾ ರೋಗಿಗಳಿಗೆ ಬಾಯಿಯ ಮೂಲಕವೇ ದ್ರಾವಣ ಕುಡಿಸಿ ಗುಣಪಡಿಸಿದ ವಿವರ 1953ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದಿತ್ತು. ಅದರಲ್ಲಿ ಹೋಲಿಕೆಯ ಗುಂಪು ಇರಲಿಲ್ಲವೆಂಬುದು ನಿಜವಾದರೂ, ಅದನ್ನು ಪರೀಕ್ಷಿಸಿ ನೋಡುವ ಆಸಕ್ತಿಯನ್ನೂ ಯಾರೂ ತೋರಲಿಲ್ಲ. ಶಂಭುನಾಥ ಡೇ ಕಾಲರಾ ವಿಷವಸ್ತುವಿನ ಇರವನ್ನು 1959ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಬೆಂಗಳೂರಿನ ಕರೆಂಟ್ ಸೈನ್ಸ್ ಅವರಿಗಾಗಿ ವಿಶೇಷ ಸಂಚಿಕೆ ತಂದ 1990ರ ಹೊತ್ತಿಗೆ ಅವರು ತೀರಿಕೊಂಡು ಐದು ವರ್ಷಗಳಾಗಿದ್ದವು. ಕಲ್ಕತ್ತೆಯದೇ ಮೂರನೆಯ ಉದಾಹರಣೆ ಅಂಥ ಪತ್ರಿಕೆಗಳ ಹೊರಗಿನದು: 1971ರಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಉಪ್ಪು, ಸಕ್ಕರೆಯ ದ್ರಾವಣದಿಂದ ಕಾಲರಾ ಸಾವನ್ನು ಶೇ. 30ರ ಆಸುಪಾಸಿನಿಂದ ಶೇ. 4ಕ್ಕಿಂತ ಕೆಳಗಿಳಿಸಿದ ದಿಲೀಪ್ ಮಹಲನಬೀಸ್ ತಂಡದ ಲೇಖನ 1973ರಲ್ಲಿ ಬೆಳಕು ಕಂಡದ್ದು ಅವರು ಕೆಲಸ ಮಾಡುತ್ತಿದ್ದ ಕೇಂದ್ರದ ಮಾತೃಸಂಸ್ಥೆಯಾದ ಜಾನ್ಸ್ ಹಾಪ್ಕಿನ್ಸ್‌ನ ಸ್ವಂತ ಪತ್ರಿಕೆಯಲ್ಲಿ.

1975ರಿಂದ ಪ್ರತಿವರ್ಷ ಪ್ರಕಟವಾಗತೊಡಗಿದ ಇಂಪ್ಯಾಕ್ಟ್ ಫ್ಯಾಕ್ಟರ್ ಪತ್ರಿಕೆಗಳ ನಡುವಿನ ಈ ಅಸಮತೆಗೆ ಅಂಕಿಗಳ ಮರ್ಯಾದೆ ತಂದುಕೊಟ್ಟಿತು. ಪತ್ರಿಕೆಯೊಂದರ ಹಿಂದಿನ ಎರಡು ವರ್ಷಗಳ ಲೇಖನಗಳು ಸರಾಸರಿ ಎಷ್ಟು ಸಲ ಉಲ್ಲೇಖಗೊಂಡವು ಎಂಬುದು ಈ ಅಂಕಿಯ ಅರ್ಥ. ಆದರೆ ಎಣಿಕೆಗೆ ಒಳಪಡುವುದು ಈ ಅಂಕಿಯ ಆಧಾರವಾದ ಉಲ್ಲೇಖ ಸೂಚಿಗೆ ಸೇರಿದ ಪತ್ರಿಕೆಗಳು ಮಾತ್ರ. ಸೂಚಿಯಲ್ಲಿಲ್ಲದ ಪತ್ರಿಕೆಗೆ ಒಳ್ಳೆಯ ಲೇಖನ ಬರುವುದಿಲ್ಲ, ಒಳ್ಳೆಯ ಲೇಖನವಿಲ್ಲದ ಪತ್ರಿಕೆ ಸೂಚಿಗೆ ಸೇರುವುದಿಲ್ಲ ಎಂಬ ಈ ವಿಷಚಕ್ರವನ್ನು ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ವೇಟ್ ಗಿಬ್ಸ್ 1995ರಲ್ಲಿ ವಿಸ್ತಾರವಾಗಿ ಬಿಡಿಸಿಟ್ಟಿದ್ದರು.

ಈ ವಿಷಚಕ್ರವನ್ನು ಮುರಿಯುವ ನಿಜವಾದ ಪ್ರಯತ್ನ ನಡೆದದ್ದು ಹೊಸ ಶತಮಾನದ ಮೊದಲ ದಶಕದಲ್ಲಿ, ಅದೂ ಭಾರತೀಯ ಸಂಪಾದಕರಿಂದಲೇ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಿಂದ 1955ರಿಂದ ಹೊರಬರುತ್ತಿದ್ದ ಜರ್ನಲ್ ಆಫ್ ಪೋಸ್ಟ್‌ಗ್ರಾಜುಯೇಟ್ ಮೆಡಿಸಿನ್ ತನ್ನ ಸಂಚಿಕೆಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿತು. ಓದುಗರಿಂದಲೂ ಹಣವಿಲ್ಲ, ಲೇಖಕರಿಂದಲೂ ಹಣವಿಲ್ಲ. ಇದರ ಬೆನ್ನಿಗಿದ್ದ ಡಿ.ಕೆ. ಸಾಹು ಅವರ ಮೆಡ್‌ನೋ ಸಂಸ್ಥೆ, ವೈದ್ಯಸಂಘಗಳು ಕಷ್ಟಪಟ್ಟು ಮುದ್ರಿಸುತ್ತಿದ್ದ ನೂರಕ್ಕೂ ಹೆಚ್ಚು ಪತ್ರಿಕೆಗಳಿಗೆ ಇದೇ ವ್ಯವಸ್ಥೆ ಒದಗಿಸಿತು. ಹಸ್ತಪ್ರತಿ ಸ್ವೀಕಾರ, ಪರಿಶೀಲಕರಿಗೆ ರವಾನೆ, ತಿದ್ದುಪಡಿ, ಇವೆಲ್ಲ ಜಾಲದ ಮೂಲಕವೇ ನಡೆಯತೊಡಗಿ, ಜಿಲ್ಲಾ ಆಸ್ಪತ್ರೆಯ ವೈದ್ಯರ ಲೇಖನವೂ ದೇಶಾಂತರದ ಓದುಗರಿಗೆ ಸಿಕ್ಕಿತು, ಉಲ್ಲೇಖಗಳೂ ಏರಿದವು. 2011ರಲ್ಲಿ ಮೆಡ್‌ನೋ ಬಹುರಾಷ್ಟ್ರೀಯ ಪ್ರಕಾಶನ ಸಂಸ್ಥೆ ವೋಲ್ಟರ್ಸ್ ಕ್ಲೂವರ್‌ನ ಪಾಲಾಯಿತು. ಆ ವ್ಯವಸ್ಥೆಯನ್ನು ಸಾರ್ವಜನಿಕ ಆಸ್ತಿಯಾಗಿ ಉಳಿಸಿಕೊಳ್ಳುವ ಅವಕಾಶ ಅಲ್ಲಿಗೆ ಕೈತಪ್ಪಿತು.

ಇದೇ ಹೊತ್ತಿಗೆ ಲೇಖಕರಿಂದ ಶುಲ್ಕ ಪಡೆದು ಓದುಗರಿಗೆ ಉಚಿತವಾಗಿ ಕೊಡುವ ಪದ್ಧತಿ ಪಶ್ಚಿಮದಲ್ಲಿ ಬೇರೂರಿತು; 2021ರಲ್ಲಿ ನೇಚರ್ ಒಂದು ಲೇಖನಕ್ಕೆ ನಿಗದಿಪಡಿಸಿದ ಶುಲ್ಕ 9,500 ಯೂರೊ. ಇತ್ತ ಭಾರತೀಯ ವೈದ್ಯಕೀಯ ಪರಿಷತ್ತು 2009ರ ನಂತರ ಅಧ್ಯಾಪಕರ ಬಡ್ತಿಗೆ ಪ್ರಕಟಣೆಯನ್ನು ಕಡ್ಡಾಯಗೊಳಿಸಿತು, 2015ರ ಸ್ಪಷ್ಟೀಕರಣದಲ್ಲಿ ಜಾಲದಲ್ಲಷ್ಟೇ ಬರುವ ಪತ್ರಿಕೆಗಳನ್ನು ಲೆಕ್ಕದಿಂದ ಕೈಬಿಟ್ಟಿತು. ಪರಿಶೀಲನೆಯ ಶಾಸ್ತ್ರವನ್ನೂ ಮಾಡದೆ ದುಡ್ಡಿಗೆ ಅಚ್ಚು ಹಾಕುವ ನಕಲಿ ಪತ್ರಿಕೆಗಳು ಈ ಎರಡು ಬೆಳವಣಿಗೆಗಳ ನಡುವೆ ಕೊಬ್ಬಿದವು. ಶೆನ್ ಮತ್ತು ಬ್ಯೋರ್ಕ್ ಅವರ 2015ರ ಅಧ್ಯಯನದ ಪ್ರಕಾರ ಅಂಥ ಪತ್ರಿಕೆಗಳ ಲೇಖಕರಲ್ಲಿ ಸುಮಾರು ಮೂರನೆಯ ಒಂದು ಪಾಲು ಭಾರತದವರು. 2016ರಲ್ಲಿ ಸಮಿರನ್ ನಂದಿ ಮತ್ತು ಸಹೋದ್ಯೋಗಿಗಳು ಹತ್ತು ವರ್ಷಗಳ ಲೆಕ್ಕ ತೆಗೆದಾಗ, ದೇಶದ 579 ವೈದ್ಯಕೀಯ ಸಂಸ್ಥೆಗಳಲ್ಲಿ 332ರಿಂದ ಒಂದು ಲೇಖನವೂ ಬಂದಿರಲಿಲ್ಲ. ಖಾಸಗಿ ಕಾಲೇಜುಗಳಿಗೆ ಹೆಸರಾದ ಕರ್ನಾಟಕದ ಸ್ಥಿತಿಯಂತೂ ಹೇಳಿಕೊಳ್ಳುವಂತಿರಲಿಲ್ಲ.

ಗುಣಮಟ್ಟವೊಂದೇ ಅಡ್ಡಿ ಎನ್ನುವವರು 2017ರಲ್ಲಿ ಹೆಲ್ತ್ ಅಫೇರ್ಸ್ ಪತ್ರಿಕೆಯಲ್ಲಿ ಬಂದ ಪ್ರಯೋಗವನ್ನು ಗಮನಿಸಬೇಕು: ಒಂದೇ ಸಾರಾಂಶವನ್ನು ದೇಶದ ಹೆಸರು ಮಾತ್ರ ಬದಲಿಸಿ ಇಂಗ್ಲೆಂಡಿನ ವೈದ್ಯರಿಗೆ ಕೊಟ್ಟಾಗ, ಶ್ರೀಮಂತ ದೇಶದ ಹೆಸರಿದ್ದಾಗ ಅವರು ಅದಕ್ಕೆ ಹೆಚ್ಚಿನ ಅಂಕ ಕೊಟ್ಟರು. ಹೊರಗಿನವರು ಬಂದು ಮಾಹಿತಿ ಸಂಗ್ರಹಿಸಿ ಸ್ಥಳೀಯರ ಹೆಸರಿಲ್ಲದೆ ಪ್ರಕಟಿಸುವ 'ಪ್ಯಾರಾಚೂಟ್ ಸಂಶೋಧನೆ'ಯ ವಿರುದ್ಧ ಕೆಲವು ಪತ್ರಿಕೆಗಳು ಈಚೆಗೆ ನಿಯಮ ತಂದಿರುವುದು ಸ್ವಾಗತಾರ್ಹವೇ. ಆದರೆ ಸೆಯೆ ಅಬಿಂಬೋಲ 2019ರಲ್ಲಿ ಎತ್ತಿ ತೋರಿಸಿದಂತೆ, ಲೇಖಕರ ಪಟ್ಟಿ ಸರಿಹೋದ ಮಾತ್ರಕ್ಕೆ ಲೇಖನ ಯಾರನ್ನು ಉದ್ದೇಶಿಸಿದ್ದು ಎಂಬ ಪ್ರಶ್ನೆ ಬಗೆಹರಿಯುವುದಿಲ್ಲ.

ಭಾರತೀಯ ವೈದ್ಯಕೀಯ ಪತ್ರಿಕೆಗಳ ಆರ್ಥಿಕ ಇತಿಹಾಸವನ್ನು ಇನ್ನೂ ಯಾರೂ ಸಮಗ್ರವಾಗಿ ಬರೆದಂತಿಲ್ಲ. ಆದರೂ ಮೇಲಿನ ಅನುಭವದ ಪಾಠವನ್ನು ಈಗಲೇ ಬಳಸಿಕೊಳ್ಳಬಹುದು. ಕೇಂದ್ರ ಸರಕಾರ 2024ರ ನವೆಂಬರಿನಲ್ಲಿ ಒಪ್ಪಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ದೇಶದ ಸರಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ವಿದ್ಯಾರ್ಥಿಗಳ, ಅಧ್ಯಾಪಕರ, ಸಂಶೋಧಕರ ಓದಿಗೆ ಒದಗಿಸುತ್ತದೆ. ಇದರ ಒಂದು ಸಣ್ಣ ಪಾಲನ್ನಾದರೂ ಸಂಘಗಳ ಒಡೆತನದಲ್ಲಿರುವ, ಲೇಖಕರಿಂದ ಶುಲ್ಕ ಕೇಳದ ದೇಶೀಯ ಪತ್ರಿಕೆಗಳ ಸಂಪಾದಕರಿಗೂ ಪರಿಶೀಲಕರಿಗೂ ಮೀಸಲಿಡುವಂತೆ ವೈದ್ಯಕೀಯ ವಿಶ್ವವಿದ್ಯಾಲಯಗಳೂ ವೈದ್ಯಸಂಘಗಳೂ ಒಟ್ಟಾಗಿ ಒತ್ತಾಯಿಸಬೇಕಾಗಿದೆ.