ಉಪ್ಪೇರಿದ ನೀರು, ಊರಿನ ಮೀನು

2009ರ ಮೇ ತಿಂಗಳಲ್ಲಿ ಐಲಾ ಚಂಡಮಾರುತ ಸುಂದರಬನದ ಒಡ್ಡುಗಳನ್ನು ಒಡೆದಾಗ ಉಪ್ಪುನೀರು ಗದ್ದೆಗಳಿಗೂ ಮನೆಯಂಗಳದ ಕೊಳಗಳಿಗೂ ನುಗ್ಗಿತು. ಸಿಹಿನೀರಿನ ಮೀನುಗಳಾದ ರೋಹು, ಕಟ್ಲಾಗಳು ಸತ್ತು ತೇಲಿದವು. ಭತ್ತದ ಗದ್ದೆಗಳು ಮತ್ತೆ ಚಿಗುರಲು ವರ್ಷಗಳೇ ಹಿಡಿದವು. ಆದರೆ ಉಪ್ಪು ಅಂದೇ ಬಂದದ್ದಲ್ಲ. ಅಲ್ಲಿನ ಬಿದ್ಯಾಧರಿ, ಮಾತ್ಲಾ ನದಿಗಳಿಗೆ ಮೇಲಿಂದ ಬರುತ್ತಿದ್ದ ಸಿಹಿನೀರು ಬಹಳ ಹಿಂದೆಯೇ ಕಡಿದುಹೋಗಿದೆ, ಕಡಲೂ ಏರುತ್ತಿದೆ.

ಇಂಥ ನೀರಿನಲ್ಲಿ ಮೀನು ಸಾಕುವುದು ಬಂಗಾಳಕ್ಕೆ ಹಳೆಯ ವಿದ್ಯೆ. ಉಬ್ಬರದ ನೀರನ್ನು ತೂಬಿನಿಂದ ಒಳಬಿಟ್ಟು, ಜೊತೆಗೆ ಬಂದ ಭೆಟ್ಕಿ, ಪಾರ್ಶೆ, ಟ್ಯಾಂಗ್ರಾ ಮರಿಗಳನ್ನು ಬೆಳೆಸುವ ಹೊಂಡಗಳಿಗೆ ಅಲ್ಲಿ ‘ಭೇರಿ’ ಎನ್ನುತ್ತಾರೆ. ನಮ್ಮ ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಆಮೇಲೆ ಮೀನು, ಸಿಗಡಿ ಎಂಬ ಕ್ರಮವೂ ಇದರ ನೆಂಟನೇ. ಎರಡೂ ಕಡೆ ಎಷ್ಟು ಮರಿ ಸಿಕ್ಕೀತು ಎನ್ನುವುದು ಹೊಳೆಗೆ ಬಿಟ್ಟದ್ದು.

1973ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಚೌಳುನೀರಿನ ಮೀನುಸಾಕಣೆಗೆ ಅಖಿಲ ಭಾರತ ಯೋಜನೆ ಹೂಡಿತು. ಅದರಲ್ಲಿ ಸುಂದರಬನದಂಚಿನ ಕಾಕ್‌ದ್ವೀಪವೂ ಸೇರಿತ್ತು. 1987ರಲ್ಲಿ ಚೆನ್ನೈಯಲ್ಲಿ ಇದಕ್ಕೆಂದೇ ಕೇಂದ್ರ ಸಂಸ್ಥೆ ಹುಟ್ಟಿತು. ಅಷ್ಟರಲ್ಲಿ ಎಲ್ಲರ ಕಣ್ಣೂ ಸಿಗಡಿಯ ಮೇಲೆ ನೆಟ್ಟಿತ್ತು. ಬಾಂಗ್ಲಾದೇಶದ ಖುಲ್ನಾ ಸೀಮೆಯಲ್ಲಿ ಗದ್ದೆಗಳಿಗೆ ಬೇಕೆಂದೇ ಉಪ್ಪುನೀರು ಹಾಯಿಸಿದರು; ಅದನ್ನು ವಿರೋಧಿಸಿದ ಕರುಣಾಮಯಿ ಸರ್ದಾರ್ 1990ರ ನವೆಂಬರಿನಲ್ಲಿ ಕೊಲೆಯಾದರು. ಭಾರತದಲ್ಲಿ 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ಸಿಗಡಿ ಹೊಂಡಗಳನ್ನು ಬರಿದುಮಾಡಿತು. ತಾನಾಗಿ ಬಂದ ಉಪ್ಪಿನೊಡನೆ ಬಾಳುವುದು ಬೇರೆ, ಲಾಭಕ್ಕಾಗಿ ನೆರೆಯವನ ಗದ್ದೆಗೂ ಉಪ್ಪು ಉಣಿಸುವುದು ಬೇರೆ. ಈ ಗೆರೆಯನ್ನು ಮರೆತ ಯಾವ ಯೋಜನೆಯನ್ನೂ ನಾನು ಒಪ್ಪಲಾರೆ.

ಊರಿನ ಮೀನುಗಳ ಮುನ್ನಡೆಗೆ ಅಡ್ಡಿಯಾದದ್ದು ಮರಿಗಳ ಕೊರತೆ. ಭೆಟ್ಕಿಯನ್ನೇ ನೋಡಿ. ಸಿಹಿನೀರಿನಲ್ಲೂ ಬೆಳೆಯುತ್ತದೆ, ಮೊಟ್ಟೆಯಿಡಲು ಮಾತ್ರ ಕಡಲಿನಷ್ಟು ಉಪ್ಪು ಬೇಕು. ಮೊದಲು ಗಂಡಾಗಿದ್ದು, ಕೆಲವು ವರ್ಷಗಳ ಮೇಲೆ ಹೆಣ್ಣಾಗುತ್ತದೆ. ಹಾಗಾಗಿ ತಾಯಿಮೀನನ್ನು ಬಹುಕಾಲ ಸಾಕಿಕೊಳ್ಳಬೇಕು. ಮರಿಗಳೋ ಒಂದನ್ನೊಂದು ನುಂಗುತ್ತವೆ. ಗಾತ್ರ ನೋಡಿ ಆಗಾಗ ಬೇರ್ಪಡಿಸದಿದ್ದರೆ ತೊಟ್ಟಿಯಲ್ಲಿ ಉಳಿಯುವುದು ಬೆರಳೆಣಿಕೆಯಷ್ಟೇ. ಇಷ್ಟನ್ನೆಲ್ಲ ಪಳಗಿಸಿ ಚೆನ್ನೈ ಸಂಸ್ಥೆ 1997ರಲ್ಲಿ ಭೆಟ್ಕಿ ಮರಿ ಮಾಡಿಸಿತು. ಚೌಳುನೀರಿನ ಇನ್ನೊಂದು ಮೀನಾದ ಹೂಮೀನಿನ ಮರಿಗೆ 2015ರವರೆಗೆ ಕಾಯಬೇಕಾಯಿತು.

ಆದರೂ ಭೆಟ್ಕಿ ಮಾಂಸಾಹಾರಿ, ಅದರ ಮೇವು ದುಬಾರಿ. ಪಾಚಿ, ಕೊಳೆತ ಕಸ ತಿಂದು ಬೆಳೆಯುವ ಪಾರ್ಶೆ, ಹೂಮೀನುಗಳು ಸಣ್ಣ ರೈತರ ಕೈಗೆಟುಕುತ್ತವೆ. ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ನೋನಾ ಟ್ಯಾಂಗ್ರಾ. ಪುಟ್ಟ ಮೀನಾದರೂ ಬಂಗಾಳದ ಸಂತೆಯಲ್ಲಿ ಒಳ್ಳೆಯ ಬೆಲೆಯಿದೆ. ಮನೆಯಂಗಳದ ಕೊಳದಲ್ಲಿ ಬೆಳೆಯುತ್ತದೆ, ಮರಿ ಮಾಡಿಸುವುದಕ್ಕೂ ದೊಡ್ಡ ಕಟ್ಟಡ ಬೇಡ. ಕಾಕ್‌ದ್ವೀಪದ ವಿಜ್ಞಾನಿಗಳು ಅದಕ್ಕೆ ಸರಳ ವಿಧಾನ ರೂಪಿಸಿದ್ದಾರೆ.

ಸುಂದರಬನದ ಹೆಂಗಸರು ಮೊಸಳೆಯ ಭಯದಲ್ಲೇ ಸೊಂಟದವರೆಗಿನ ನೀರಿಗಿಳಿದು ಸಿಗಡಿಮರಿಗೆ ಬಲೆ ಎಳೆಯುತ್ತಾ ಬಂದಿದ್ದಾರೆ. ಆ ಬಲೆಗೆ ಬಿದ್ದ ಇತರ ಮೀನುಮರಿಗಳು ದಡದಲ್ಲೇ ಸಾಯುತ್ತವೆ. ಟ್ಯಾಂಗ್ರಾ ಮರಿ ಮಾಡಿಸುವ ತೊಟ್ಟಿಗಳು ಮೊದಲು ಬರಬೇಕಾದದ್ದು ಈ ಹೆಂಗಸರ ಅಂಗಳಕ್ಕೆ.