ಬಾಂದುಕಲ್ಲು ಕಾದ ನ್ಯಾಯಮೂರ್ತಿ

ನಮ್ಮ ಪಾಮನಕಲ್ಲೂರಿಗೆ ತಾಲ್ಲೂಕು ಕೇಂದ್ರವಾದ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಅದನ್ನು ಬೆಳಕಿಗೆ ತಂದ ಸಿ. ಬೀಡನ್ ಇತಿಹಾಸಕಾರರಲ್ಲ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್. ‘ದೇವಾನಾಂಪ್ರಿಯ’ನೆಂಬ ಅರಸ ಅಶೋಕನೇ ಎಂದು ಖಚಿತವಾದದ್ದು ಈ ಬಂಡೆಯಿಂದ. ಯಾರೋ ಒಡೆದು ಜಲ್ಲಿ ಮಾಡಿದ್ದರೆ ಅರಸನ ಹೆಸರೂ ಪುಡಿಯಾಗುತ್ತಿತ್ತು. ದಾಖಲೆ ಉಳಿದರೆ ಸತ್ಯ ಉಳಿಯುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಹೊಸ ಸಾಕ್ಷಿಯೂ ದೂರವಿಲ್ಲ. ಸಿಂಧನೂರಿನಿಂದ ಮುಂದೆ ಹೋಗಿ ತುಂಗಭದ್ರೆ ದಾಟಿದರೆ ಬಳ್ಳಾರಿ ಸೀಮೆ. ಅಲ್ಲಿನ ಗುಡ್ಡಗಳನ್ನು ಅದಿರಿಗಾಗಿ ನಮ್ಮ ಕಣ್ಣೆದುರೇ ಅಗೆದು ಲಾರಿಗೆ ತುಂಬಿದರು. ಹಾಗೆ ಹೋದ ಮಣ್ಣಿನ ಲೆಕ್ಕವನ್ನು ಅಕ್ಷರಕ್ಕಿಳಿಸಿದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರನ್ನು ಇಲ್ಲಿ ನೆನೆಯುವುದು ನನಗೆ ಋಣ ತೀರಿಸಿದಂತೆ.

ಹೆಗ್ಡೆಯವರು ಹುಟ್ಟಿದ್ದು 1940ರ ಜೂನ್ 16ರಂದು, ಕರಾವಳಿಯ ಕಾರ್ಕಳ ಸೀಮೆಯ ನಿಟ್ಟೆಯಲ್ಲಿ. ತಂದೆ ಕೆ.ಎಸ್. ಹೆಗ್ಡೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. 1973ರಲ್ಲಿ ಹಿರಿತನ ಕಡೆಗಣಿಸಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಹುದ್ದೆಯನ್ನೇ ಬಿಟ್ಟು ಹೊರಬಂದವರು. ಮುಂದೆ ಲೋಕಸಭೆಯ ಸ್ಪೀಕರ್ ಆದವರು. ಕುರ್ಚಿಗಿಂತ ಮಾತು ದೊಡ್ಡದು ಎಂಬುದನ್ನು ಮಗ ಮನೆಯಲ್ಲೇ ಕಂಡಿದ್ದರು. ಬೆಂಗಳೂರಿನಲ್ಲಿ ಕಾನೂನು ಓದಿ, 1966ರಲ್ಲಿ ವಕೀಲಿಕೆ ಆರಂಭಿಸಿ, 1984ರಿಂದ 1988ರವರೆಗೆ ರಾಜ್ಯದ ಅಡ್ವೊಕೇಟ್ ಜನರಲ್ ಆಗಿದ್ದರು. ಬಳಿಕ ದೇಶದ ಸಾಲಿಸಿಟರ್ ಜನರಲ್ ಆದರು. 1999ರ ಜನವರಿಯಲ್ಲಿ, ಹೈಕೋರ್ಟಿನ ಪೀಠ ಏರದೆ, ವಕೀಲರ ಸಾಲಿನಿಂದ ನೇರವಾಗಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. 2005ರಲ್ಲಿ ನಿವೃತ್ತರಾದರು. ವಿಶ್ರಾಂತಿ ಪಡೆಯಬಹುದಾಗಿದ್ದ ಆ ವಯಸ್ಸಿನಲ್ಲೇ ಅವರ ಬಾಳಿನ ದೊಡ್ಡ ಕೆಲಸ ಕಾದಿತ್ತು.

ಕರ್ನಾಟಕದ ಲೋಕಾಯುಕ್ತ ಸಂಸ್ಥೆ 1984ರ ಕಾಯ್ದೆಯ ಕೂಸು. ಕೆಲಸ ಶುರುವಾದದ್ದು 1986ರಲ್ಲಿ. ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ದಿಢೀರ್ ಭೇಟಿಗಳಿಂದ ಅದನ್ನು ಹಳ್ಳಿಹಳ್ಳಿಗೂ ಪರಿಚಯಿಸಿದ್ದರು. ಅವರ ನಂತರ, 2006ರ ಆಗಸ್ಟ್ 3ರಂದು ಹೆಗ್ಡೆಯವರು ಲೋಕಾಯುಕ್ತರಾಗಿ ಬಂದರು. 2007ರ ಮಾರ್ಚ್‌ನಲ್ಲಿ ಸರ್ಕಾರ ಗಣಿ ಅಕ್ರಮದ ತನಿಖೆಯನ್ನು ಅವರಿಗೆ ಒಪ್ಪಿಸಿತು.

ಹೊಲದ ಬದು ಒಂದು ಮೊಳ ಸರಿದರೂ ನಾವು ಮೋಜಣಿದಾರರನ್ನು ಕರೆಸುತ್ತೇವೆ. ಬಳ್ಳಾರಿಯಲ್ಲಿ ಗಣಿ ಗುತ್ತಿಗೆಯ ಗಡಿ ಮೀರಿ ಕಾಡಿನೊಳಗೆ ನುಗ್ಗಿದ್ದರು. ಕರ್ನಾಟಕ–ಆಂಧ್ರ ನಡುವಿನ ಗಡಿಯ ಗುರುತುಗಳನ್ನೇ ಅಳಿಸಿದ್ದರು. ಪರ್ಮಿಟ್ ಇಲ್ಲದ ಲಾರಿ, ಪರ್ಮಿಟ್ ಇದ್ದರೂ ತೂಕ ಮೀರಿದ ಲಾರಿ ಚೆಕ್‌ಪೋಸ್ಟ್ ದಾಟಿ ಬಂದರಿಗೆ ಹೋಗುತ್ತಿದ್ದವು. ಅರಣ್ಯಾಧಿಕಾರಿ ಡಾ. ಯು.ವಿ. ಸಿಂಗ್ ಅವರ ತಂಡ ಗುಡ್ಡ ಹತ್ತಿ ಅಳೆಯಿತು. ಬಂದರಿನ ಲೆಕ್ಕವನ್ನು ಪರ್ಮಿಟ್‌ಗಳ ಜೊತೆ ತಾಳೆ ನೋಡಿತು. ಮೊದಲ ವರದಿ 2008ರ ಡಿಸೆಂಬರ್ 18ರಂದು ಬಂತು. ಅದರ ಮೇಲೆ ಆಗಬೇಕಾದ ಕ್ರಮ ಆಗಲಿಲ್ಲ.

2010ರಲ್ಲಿ ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾಗಿದ್ದ ಲಕ್ಷಾಂತರ ಟನ್ ಅದಿರು ಸರ್ಕಾರದ ವಶದಲ್ಲಿದ್ದಾಗಲೇ ಹಡಗು ಹತ್ತಿತು. ಅದನ್ನು ಹಿಡಿದಿದ್ದ ಅರಣ್ಯಾಧಿಕಾರಿಯನ್ನು ಅಮಾನತು ಮಾಡಲು ಸರ್ಕಾರ ಮುಂದಾಯಿತು. ಜೂನ್ 23ರಂದು ಹೆಗ್ಡೆಯವರು ರಾಜೀನಾಮೆ ಕೊಟ್ಟರು. ಪ್ರಾಮಾಣಿಕ ಅಧಿಕಾರಿಯನ್ನು ಕಾಯಲಾಗದ ಹುದ್ದೆ ತನಗೇಕೆ ಎಂಬುದೇ ಆ ರಾಜೀನಾಮೆಯ ಅರ್ಥ. ಒತ್ತಾಯಕ್ಕೆ ಮಣಿದು ಜುಲೈನಲ್ಲಿ ಮರಳಿದರು. ಆಗ ಮರಳದೇ ಹೋಗಿದ್ದರೆ ಎರಡನೆಯ ವರದಿ ಅವರ ಕೈಯಿಂದ ಬರುತ್ತಿರಲಿಲ್ಲ.

2011ರ ಜುಲೈ 27ರಂದು ಆ ವರದಿ ಸಲ್ಲಿಕೆಯಾಯಿತು. ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದು ಅದು ಲೆಕ್ಕ ಕೊಟ್ಟಿತು. ಇತ್ತ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಗಣಿ ಅಕ್ರಮದ ವಿರುದ್ಧ 2009ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅದೇ ಮೊಕದ್ದಮೆಯಲ್ಲಿ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಂತಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿಗೂ ತಡೆ ಬಂತು. 2013ರ ಏಪ್ರಿಲ್ 18ರ ತೀರ್ಪು ಗಣಿಗಳ ಎ, ಬಿ, ಸಿ ವಿಂಗಡಣೆಯನ್ನು ಒಪ್ಪಿ, ಅತಿ ಹೆಚ್ಚು ಅಕ್ರಮದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದವರು ಹಾಳಾದ ನೆಲವನ್ನು ಸರಿಪಡಿಸುವ ಯೋಜನೆ ಕೊಟ್ಟ ಮೇಲಷ್ಟೇ ಕೆಲಸ ಮಾಡಬಹುದಾಯಿತು.

ಹೆಗ್ಡೆಯವರ ಅವಧಿ ಮುಗಿದದ್ದು 2011ರ ಆಗಸ್ಟ್ 2ರಂದು, ವರದಿ ಕೊಟ್ಟ ಆರನೇ ದಿನಕ್ಕೆ. ಅವರ ನಂತರ ಆ ಹುದ್ದೆಗೆ ಬಂದವರು ನಮ್ಮ ರಾಯಚೂರು ಜಿಲ್ಲೆಯವರೇ ಆದ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲ, ಅವರು ಕೆಲವೇ ವಾರ ಇದ್ದರು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಹುಟ್ಟಿ ಲೋಕಾಯುಕ್ತದ ಹಲ್ಲು ಕಿತ್ತಂತಾಯಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನು ರದ್ದುಪಡಿಸಿ ಅಧಿಕಾರವನ್ನು ಹಿಂದಿರುಗಿಸಿತು. ಹುದ್ದೆಯ ಬಲ ಏರುತ್ತದೆ, ಇಳಿಯುತ್ತದೆ. ವರದಿ ಮಾತ್ರ ಇದ್ದಲ್ಲೇ ಇದೆ.

ಇದರಲ್ಲಿ ನಮ್ಮೂರಿಗೊಂದು ಪಾಠವಿದೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಯ ನೀರಿಗಾಗಿ 2020–21ರಲ್ಲಿ ಪಾಮನಕಲ್ಲೂರಿನಲ್ಲೇ ರೈತರು ಧರಣಿ ಕೂತರು. ಅಂಥ ಹೋರಾಟದಲ್ಲಿ ಘೋಷಣೆ ಗಾಳಿಗೆ ಹೋಗುತ್ತದೆ, ಫೋಟೊ ಮಾಸುತ್ತದೆ. ಕೊಟ್ಟ ಅರ್ಜಿ, ಪಡೆದ ಸ್ವೀಕೃತಿ, ಅಧಿಕಾರಿಗಳ ಉತ್ತರ, ಹೊಲಗಳ ಪಹಣಿ ತಾರೀಖಿನ ಪ್ರಕಾರ ಒಂದೆಡೆ ಇದ್ದರೆ ನಾಳೆ ಒಬ್ಬ ವಕೀಲ ನಮ್ಮ ಪರ ನಿಲ್ಲಬಲ್ಲ, ಒಬ್ಬ ನ್ಯಾಯಮೂರ್ತಿ ನಮ್ಮ ಮಾತು ಕೇಳಬಲ್ಲ.

ಬಳ್ಳಾರಿಯ ಗುಡ್ಡಕ್ಕೆ ಬಾಯಿರಲಿಲ್ಲ. ಅದರ ಪರವಾಗಿ ಮಾತಾಡಿದ್ದು ಅಳತೆಯ ಪಟ್ಟಿ ಮತ್ತು ಪರ್ಮಿಟ್ ಚೀಟಿ. ನಮ್ಮ ಕಾಲುವೆಯ ಕಡತವೂ ಹಾಗೇ ಮಾತಾಡಲಿ. ಅದನ್ನು ಮಳೆಗೆ ನೆನೆಯದಂತೆ, ಗೆದ್ದಲು ಹಿಡಿಯದಂತೆ ಕಾಯುವ ಕೆಲಸ ನಮ್ಮದು.